ವಾಗ್ಗುಪ್ತಿಯೂ ವಾಕ್‌ಸ್ವಾತಂತ್ರ್ಯವೂ

ಮಾತು ಎಷ್ಟು ಸೂಕ್ಷ್ಮವಾದುದು, ಎಷ್ಟು ಸುಲಭವಾಗಿ ಹಿಂಸೆಗೆ ಕಾರಣವಾಗಬಲ್ಲದು ಎಂಬುದನ್ನು ಜೈನಾಚಾರ್ಯರು ಬಹು ಹಿಂದೆಯೇ ಮನಗಂಡಿದ್ದರು. ಮುನಿಗೆ ವಿಧಿಸಿದ ಮೂರು ಗುಪ್ತಿಗಳಲ್ಲಿ ವಾಗ್ಗುಪ್ತಿಯೂ ಒಂದು. ಐದು ಸಮಿತಿಗಳಲ್ಲಿ ಭಾಷಾಸಮಿತಿಯೂ ಒಂದು. ಗೃಹಸ್ಥನಾದ ಶ್ರಾವಕನಿಗೆ ಸತ್ಯಾಣುವ್ರತವಿದೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯಕ್ಕೆಂದೇ ಒಂದು ದಿನವನ್ನು ಮೀಸಲಿಡಲಾಗಿದೆ. ನಾಲಗೆಯನ್ನು ಹಿಡಿತದಲ್ಲಿಡುವುದು ಆತ್ಮಶುದ್ಧಿಯ ಮೊದಲ ಮೆಟ್ಟಿಲುಗಳಲ್ಲೊಂದೆಂದು ಪರಂಪರೆ ಬಗೆದಿದೆ.

ಹೀಗಿರುವಾಗ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಧರ್ಮವೇ ಮಾತಿಗೆ ಕಡಿವಾಣ ಹಾಕಬೇಕೆನ್ನುವಾಗ, ಅದೇ ಕೆಲಸವನ್ನು ಸರಕಾರವು ಕಾನೂನಿನ ಮೂಲಕ ಮಾಡಿದರೆ ತಪ್ಪೇನು? ಪತ್ರಿಕೆಯನ್ನು ನಿಲ್ಲಿಸುವುದು, ಸಭೆಗೆ ಅನುಮತಿ ನಿರಾಕರಿಸುವುದು, ಪುಸ್ತಕವನ್ನು ಮುಟ್ಟುಗೋಲು ಹಾಕುವುದು ಇವೆಲ್ಲವೂ ವಾಗ್ಗುಪ್ತಿಯ ಇನ್ನೊಂದು ರೂಪವೇ ಅಲ್ಲವೇ? ಧರ್ಮವನ್ನು ಕುರಿತು ಯಾರೋ ಹಗುರವಾಗಿ ಬರೆದಾಗ, ಮುನಿಗಳನ್ನು ಯಾರೋ ಪರಿಹಾಸ ಮಾಡಿದಾಗ ಬಸದಿಯ ಟ್ರಸ್ಟುಗಳ ಸಭೆಗಳಲ್ಲಿಯೂ ಮನೆಯ ಪಡಸಾಲೆಗಳಲ್ಲಿಯೂ ಈ ಪ್ರಶ್ನೆ ಕೇಳಿಬರುತ್ತದೆ. ಪ್ರಶ್ನೆ ಪ್ರಾಮಾಣಿಕವಾದುದು. ಆದುದರಿಂದ ಉತ್ತರವನ್ನೂ ಪ್ರಾಮಾಣಿಕವಾಗಿ ಹುಡುಕಬೇಕು. ಅದಕ್ಕೆ ಶಾಸ್ತ್ರವೊಂದೇ ಸಾಲದು; ಮಾತಿನ ಮೇಲೆ ಅಧಿಕಾರ ನಡೆಸಿದ ಸರಕಾರಗಳ ಚರಿತ್ರೆಯನ್ನೂ ನೋಡಬೇಕು. ಆ ಚರಿತ್ರೆಗೆ ದೂರ ಹೋಗಬೇಕಾಗಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯೇ ಅದಕ್ಕೆ ಸಾಕ್ಷಿಯಾಗಿದೆ.

ಎರಡು ನದಿಗಳ ನಡುವೆ

ರಾಯಚೂರು, ಮಾನ್ವಿ, ದೇವದುರ್ಗ ಪ್ರದೇಶಗಳು 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದವು. ಮಧ್ಯೆ 1853ರಿಂದ 1860ರವರೆಗೆ ಮಾತ್ರ ಈ ದೋಆಬ್ ಪ್ರಾಂತ್ಯವು ಸೈನ್ಯದ ವೆಚ್ಚದ ಬಾಬ್ತಿಗಾಗಿ ಬ್ರಿಟಿಷರ ಕೈಗೆ ಹೋಗಿ ಮತ್ತೆ ನಿಜಾಮರಿಗೆ ಮರಳಿತು. ಪ್ರಜೆಗಳ ಮಾತು ಕನ್ನಡ; ಆಡಳಿತದ ಭಾಷೆ ಉರ್ದು. ಮೇಲೆ ನಿಜಾಮರ ದರಬಾರು, ಅದರ ಮೇಲೆ ಬ್ರಿಟಿಷ್ ರೆಸಿಡೆಂಟರ ನೆರಳು.

1920ರ ದಶಕದಲ್ಲಿ ನಿಜಾಮ ಸರಕಾರವು ಹೊರಡಿಸಿದ ಒಂದು ಸುತ್ತೋಲೆ ಆ ಕಾಲದ ಜನರ ಬಾಯಲ್ಲಿ 'ಗಶ್ತಿ ನಿಶಾನ್ 53' ಎಂದೇ ಹೆಸರಾಗಿತ್ತು. ಸಾರ್ವಜನಿಕ ಸಭೆ ಸೇರಿಸಬೇಕಾದರೆ ಮೊದಲೇ ಸರಕಾರದ ಅನುಮತಿ ಪಡೆಯಬೇಕೆಂಬುದು ಅದರ ಸಾರ. ಇದರ ಅರ್ಥವನ್ನು ಒಂದು ಹಳ್ಳಿಯ ಮಟ್ಟದಲ್ಲಿ ಊಹಿಸಿಕೊಳ್ಳಬೇಕು. ಗುಂಜಹಳ್ಳಿಯಂತಹ ಊರಿನಲ್ಲಿ ರೈತರು ಕಂದಾಯದ ಹೊರೆಯ ಬಗ್ಗೆ ಬಹಿರಂಗವಾಗಿ ನಾಲ್ಕು ಮಾತು ಆಡಬೇಕೆಂದರೆ, ಯಾವ ಅಧಿಕಾರಿಯ ವಿರುದ್ಧ ದೂರಿದೆಯೋ ಆ ಅಧಿಕಾರವರ್ಗದ ಬಳಿಗೇ ಅನುಮತಿಗಾಗಿ ಹೋಗಬೇಕು. ಆಡುವ ಮಾತು ಇನ್ನೂ ಗಂಟಲಿನಲ್ಲಿರುವಾಗಲೇ ಅದರ ವಿಚಾರಣೆ ನಡೆಯಬೇಕು. ಅಪರಾಧಕ್ಕೆ ದಂಡನೆಯಾದರೆ ಅದು ನ್ಯಾಯ. ಅಪರಾಧವಾದೀತೆಂಬ ಶಂಕೆಗೇ ದಂಡನೆಯಾದರೆ ಅದನ್ನು ಏನೆಂದು ಕರೆಯಬೇಕು?

ಇದರ ಪರಿಣಾಮ ವಿಚಿತ್ರವಾಗಿತ್ತು. ಹೈದರಾಬಾದ್ ಸಂಸ್ಥಾನದ ರಾಜಕೀಯ ಸುಧಾರಣೆಯನ್ನು ಚರ್ಚಿಸುವ ಪರಿಷತ್ತುಗಳು ಸಂಸ್ಥಾನದೊಳಗೆ ಸೇರಲಾಗಲಿಲ್ಲ. ಅವು 1923ರಲ್ಲಿ ಕಾಕಿನಾಡಾದಲ್ಲಿ, 1926ರಲ್ಲಿ ಮುಂಬಯಿಯಲ್ಲಿ, 1928ರಲ್ಲಿ ಪುಣೆಯಲ್ಲಿ, 1931ರಲ್ಲಿ ಅಕೋಲಾದಲ್ಲಿ ಸೇರಿದವು. ಮನೆಯ ಕಷ್ಟವನ್ನು ಹೇಳಿಕೊಳ್ಳಲು ಮನೆಯವರು ಪರರ ಅಂಗಳಕ್ಕೆ ಹೋಗಬೇಕಾಯಿತು. ಭಾಷೆ, ಸಾಹಿತ್ಯಗಳಿಗೆ ಮಾತ್ರ ಒಂದಿಷ್ಟು ಅವಕಾಶ ಉಳಿದಿತ್ತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿಯೇ ನೆರವೇರಿತು. ರಾಜಕೀಯದ ಬಾಗಿಲು ಮುಚ್ಚಿದ್ದಾಗ ಜನರ ಆತ್ಮಗೌರವವು ಭಾಷಾಭಿಮಾನದ ಕಿಟಕಿಯಿಂದ ಉಸಿರಾಡಿತು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಕಟ್ಟುವ ಸಿದ್ಧತೆ ನಡೆದಾಗ, ಅದು ವಿಧಿವತ್ತಾಗಿ ಹುಟ್ಟುವ ಮೊದಲೇ ಸರಕಾರ ಅದನ್ನು ನಿಷೇಧಿಸಿತು. ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರಂಥವರು ಸತ್ಯಾಗ್ರಹಕ್ಕಿಳಿದು ಸೆರೆಮನೆ ಸೇರಿದರು. ಅದೇ ವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಂದೇ ಮಾತರಂ ಹಾಡಿದ ತಪ್ಪಿಗೆ ಅನೇಕ ವಿದ್ಯಾರ್ಥಿಗಳು ಹೊರಹಾಕಲ್ಪಟ್ಟು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದದ್ದು 1946ರಲ್ಲಿ. ಎಂಟು ವರ್ಷಗಳ ಕಾಲ ಒಂದು ಸಂಸ್ಥೆಯ ಹೆಸರೇ ಅಪರಾಧವಾಗಿತ್ತು.

ಬ್ರಿಟಿಷರ ಎರಡು ತಕ್ಕಡಿಗಳು

ನಿಜಾಮರ ಬೆನ್ನಿಗಿದ್ದ ಬ್ರಿಟನ್ ಆದರೋ ವಾಕ್‌ಸ್ವಾತಂತ್ರ್ಯದ ತವರುಮನೆಯೆಂದು ಹೆಸರು ಪಡೆದ ದೇಶ. ಮುದ್ರಣಕ್ಕೆ ಮೊದಲು ಸರಕಾರದ ಪರವಾನಗಿ ಪಡೆಯಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ 1695ರಲ್ಲಿಯೇ ಕೊನೆಗೊಂಡಿತ್ತು. 1859ರಲ್ಲಿ ಜಾನ್ ಸ್ಟೂವರ್ಟ್ ಮಿಲ್ ಎಂಬ ತತ್ತ್ವಜ್ಞಾನಿಯು ಸ್ವಾತಂತ್ರ್ಯವನ್ನು ಕುರಿತು ಬರೆದ ಗ್ರಂಥವು ಜಗತ್ಪ್ರಸಿದ್ಧವಾಯಿತು. ಅವನ ವಾದವು ಜೈನ ಓದುಗನಿಗೆ ಪರಕೀಯವೆನಿಸುವುದಿಲ್ಲ. ಒಂದು ಅಭಿಪ್ರಾಯವನ್ನು ಬಾಯಿಮುಚ್ಚಿಸುವವನು ತಾನು ತಪ್ಪಲಾರದವನೆಂದು ಭಾವಿಸಿಕೊಂಡಿರುತ್ತಾನೆ; ತಪ್ಪೆಂದು ತೋರುವ ಅಭಿಪ್ರಾಯದಲ್ಲಿಯೂ ಸತ್ಯದ ಒಂದಂಶ ಇರಬಹುದು; ಎದುರಾಳಿಯಿಲ್ಲದ ಸತ್ಯವು ಕ್ರಮೇಣ ಜೀವವಿಲ್ಲದ ಪಾಠವಾಗುತ್ತದೆ ಎಂಬುದು ಆ ವಾದದ ತಿರುಳು. ನಯವಾದವನ್ನು ಬಲ್ಲವರಿಗೆ ಇದರಲ್ಲಿ ಪರಿಚಿತವಾದ ಧ್ವನಿ ಕೇಳಿಸುತ್ತದೆ.

ಆದರೆ ಇದೇ ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಉದ್ಯೋಗಿಯಾಗಿದ್ದನು. ರಾಯಚೂರು ಸೀಮೆಯು ಬ್ರಿಟಿಷರ ಕೈಯಲ್ಲಿದ್ದ ವರ್ಷಗಳಲ್ಲಿ ಬಹುಪಾಲು ಅವನು ಆ ಕಚೇರಿಯಲ್ಲಿದ್ದವನೇ. ತನ್ನ ಸ್ವಾತಂತ್ರ್ಯ ಸಿದ್ಧಾಂತವು ಪ್ರಬುದ್ಧ ಸಮಾಜಗಳಿಗೆ ಮಾತ್ರ ಸಲ್ಲುವುದೆಂದೂ ಹಿಂದುಳಿದ ಜನಾಂಗಗಳಿಗೆ ಅನ್ವಯಿಸದೆಂದೂ ಅವನು ಆ ಗ್ರಂಥದಲ್ಲಿಯೇ ಹೇಳಿದನು. ಲಂಡನ್ನಿನ ಪ್ರಜೆಗೆ ಒಂದು ತಕ್ಕಡಿ, ರಾಯಚೂರಿನ ಪ್ರಜೆಗೆ ಇನ್ನೊಂದು. ಎಲ್ಲ ಅಭಿಪ್ರಾಯಗಳಿಗೂ ಕಿವಿಗೊಡಬೇಕೆಂದವನೇ ಕೋಟ್ಯಂತರ ಜನರ ಕಿವಿ ಬಾಯಿಗಳನ್ನು ಲೆಕ್ಕದಿಂದ ಹೊರಗಿಟ್ಟನು. ಅನೇಕಾಂತವನ್ನು ಅರ್ಧದಾರಿಗೆ ಕೈಬಿಟ್ಟರೆ ಅದು ಮತ್ತೆ ಏಕಾಂತವೇ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು.

ಆ ಎರಡನೆಯ ತಕ್ಕಡಿಯಿಂದಲೇ ಭಾರತದ ಕಾನೂನುಗಳು ತೂಗಿ ಬಂದವು. 1870ರಲ್ಲಿ ರಾಜದ್ರೋಹದ ಕಲಮು ದಂಡಸಂಹಿತೆಗೆ ಸೇರಿತು. 1878ರಲ್ಲಿ ದೇಶಭಾಷಾ ಪತ್ರಿಕೆಗಳನ್ನು ಹತ್ತಿಕ್ಕುವ ಕಾಯಿದೆ ಬಂದಿತು. ಇಂಗ್ಲಿಷ್ ಪತ್ರಿಕೆಗಳಿಗೆ ಅದರಿಂದ ವಿನಾಯಿತಿ. 1910ರಲ್ಲಿ ಪತ್ರಿಕಾ ಕಾಯಿದೆ, 1919ರಲ್ಲಿ ರೌಲತ್ ಕಾಯಿದೆ. ಬಾಲಗಂಗಾಧರ ತಿಲಕರು 1916ರ ಮೇ ತಿಂಗಳಲ್ಲಿ ಬೆಳಗಾವಿಯಲ್ಲಿ ಸ್ವರಾಜ್ಯವನ್ನು ಕುರಿತು ಮಾತನಾಡಿದರು. ಆ ಭಾಷಣಕ್ಕೂ ಅಹ್ಮದ್‌ನಗರದ ಭಾಷಣಗಳಿಗೂ ಅವರಿಂದ 20,000 ರೂಪಾಯಿಗಳ ಸನ್ನಡತೆಯ ಮುಚ್ಚಳಿಕೆ ಕೇಳಲಾಯಿತು. ಮುಂಬಯಿ ಉಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿತು. ಭಾಷಣದ ಬಿಡಿ ಮಾತುಗಳನ್ನು ಹೆಕ್ಕದೆ ಇಡೀ ಭಾಷಣದ ಒಟ್ಟು ಪರಿಣಾಮವನ್ನು ನೋಡಬೇಕೆಂಬುದು ನ್ಯಾಯಾಧೀಶರ ನಿಲುವಾಗಿತ್ತು. ಪೂರ್ವಾಪರ ಬಿಟ್ಟು ಒಂದು ವಾಕ್ಯವನ್ನು ಹಿಡಿಯುವುದು ದುರ್ನಯ. ಅಪೇಕ್ಷೆಯೊಡನೆ ಗ್ರಹಿಸುವುದು ಸುನಯ. ಆ ನ್ಯಾಯಾಲಯಕ್ಕೆ ಈ ಪರಿಭಾಷೆ ತಿಳಿದಿರಲಿಲ್ಲ, ತತ್ತ್ವ ತಿಳಿದಿತ್ತು.

ಕಾಲಾಂತರದಲ್ಲಿ ಬ್ರಿಟನ್ನಿನ ಪ್ರಜೆಗೂ ತಕ್ಕಡಿ ತಪ್ಪಿದ ಪ್ರಸಂಗ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಚಾರಣೆಯಿಲ್ಲದೆ ಜನರನ್ನು ಬಂಧಿಸುವ ಅಧಿಕಾರವನ್ನು ಅಲ್ಲಿಯ ಗೃಹಮಂತ್ರಿಗೆ ಕೊಡಲಾಗಿತ್ತು. ಲಿವರ್ಸಿಜ್ ಎಂಬ ಬಂಧಿಯು ತನ್ನ ಬಂಧನಕ್ಕೆ ಕಾರಣ ಕೇಳಿದಾಗ, 1941ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು ಮಂತ್ರಿಯ ನಂಬಿಕೆಯೇ ಸಾಕು, ಕಾರಣವನ್ನು ನ್ಯಾಯಾಲಯ ಕೆದಕಬೇಕಾಗಿಲ್ಲವೆಂದರು. ಐವರಲ್ಲಿ ಲಾರ್ಡ್ ಆಟ್ಕಿನ್ ಒಬ್ಬರೇ ಭಿನ್ನಮತ ಬರೆದರು. ಬಾಂಬುಗಳ ಭಯದ ನಡುವೆ ಆ ಒಂಟಿ ಧ್ವನಿ ಅನೇಕರಿಗೆ ಅಪ್ರಿಯವಾಯಿತು. ಇಂದು ಕಾನೂನಿನ ವಿದ್ಯಾರ್ಥಿಗಳು ಗೌರವದಿಂದ ಓದುವುದು ಆ ಒಂಟಿ ಧ್ವನಿಯನ್ನೇ.

ಕಲ್ಲಿನ ಮೇಲಣ ವಿನಂತಿ

ಆಳುವವನು ಪ್ರಜೆಗಳ ಮಾತಿನ ಬಗ್ಗೆ ಬೇರೊಂದು ರೀತಿಯಲ್ಲಿಯೂ ನಡೆದುಕೊಳ್ಳಬಹುದೆಂಬುದಕ್ಕೆ ಈ ನಾಡಿನಲ್ಲಿಯೇ ಬಹು ಪುರಾತನವಾದ ಆಧಾರವಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನ ಪ್ರಸಿದ್ಧವಾದುದು. ಅದಕ್ಕಿಂತ ಈಚೆಗೆ, 1980ರ ದಶಕದ ಕೊನೆಯಲ್ಲಿ, ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಇನ್ನಷ್ಟು ಶಾಸನಗಳು ಬೆಳಕಿಗೆ ಬಂದವು. ಅವುಗಳಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವೂ ಸೇರಿದೆ. ಎಲ್ಲ ಪಾಷಂಡಗಳವರೂ, ಅಂದರೆ ಎಲ್ಲ ಪಂಥಗಳವರೂ, ಸಾರದಲ್ಲಿ ಬೆಳೆಯಬೇಕು. ಅದರ ಮೂಲ ಮಾತಿನ ಸಂಯಮ. ಕಾರಣವಿಲ್ಲದೆ ಸ್ವಮತವನ್ನು ಹೊಗಳಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡಿಕೊಳ್ಳುತ್ತಾನೆ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಎಂಬುದು ಅದರ ಆಶಯ. ಮಾತಿನ ಸಂಯಮಕ್ಕೆ ಆ ಶಾಸನ ಬಳಸುವ ಪ್ರಾಕೃತ ಪದವು ಜೈನರ ವಾಗ್ಗುಪ್ತಿಯ ಸೋದರ ಪದವೇ ಆಗಿದೆ.

ಗಮನಿಸಬೇಕಾದುದು ಶಾಸನದ ಧಾಟಿ. ಪರಮತವನ್ನು ನಿಂದಿಸಿದವನಿಗೆ ಇಂತಿಷ್ಟು ದಂಡವೆಂದು ಅಲ್ಲಿ ಹೇಳಿಲ್ಲ. ಸಂಯಮದಿಂದ ನಿನಗೇ ಒಳಿತು ಎಂದು ರಾಜನು ಪ್ರಜೆಗೆ ತಿಳಿಯಹೇಳುತ್ತಾನೆ. ಆದರೆ ಅದೇ ಅಶೋಕನು ಸಾರನಾಥ, ಸಾಂಚಿಗಳ ಶಾಸನಗಳಲ್ಲಿ ಬೌದ್ಧ ಸಂಘವನ್ನು ಒಡೆಯುವ ಭಿಕ್ಷುಗಳಿಗೆ ಬಿಳಿಯ ಬಟ್ಟೆ ತೊಡಿಸಿ ಹೊರಹಾಕಬೇಕೆಂದು ಆಜ್ಞೆ ಮಾಡಿದನು. ವಿನಂತಿಯಿಂದ ಆಜ್ಞೆಗೆ ಇಳಿಯುವ ದಾರಿ ಎಷ್ಟು ಜಾರುವುದೆಂಬುದು ಇದರಿಂದ ತಿಳಿಯುತ್ತದೆ. ಧರ್ಮಾಶೋಕನಿಗೇ ಅದು ಜಾರಿದರೆ ಸಾಮಾನ್ಯ ಸರಕಾರಗಳ ಪಾಡೇನು?

ವ್ರತ ಬೇರೆ, ಬಂಧನ ಬೇರೆ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ವಾಗ್ಗುಪ್ತಿಗೂ ಸರಕಾರದ ನಿರ್ಬಂಧಕ್ಕೂ ಹೊರನೋಟಕ್ಕೆ ಫಲ ಒಂದೇ: ಮೌನ. ಆದರೆ ಉಪವಾಸಕ್ಕೂ ಹಸಿವಿಗೂ ಹೊರನೋಟಕ್ಕೆ ಫಲ ಒಂದೇ. ಅನ್ನವಿದ್ದೂ ಬಿಟ್ಟವನು ತಪಸ್ವಿ. ಅನ್ನ ಸಿಗದವನು ದೀನ. ಮನೆಯ ಉಗ್ರಾಣಕ್ಕೆ ಬೀಗ ಹಾಕಿ, ಮನೆಯವರೆಲ್ಲ ಉಪವಾಸ ವ್ರತ ಹಿಡಿದಿದ್ದಾರೆಂದು ಹೇಳುವ ಯಜಮಾನನನ್ನು ಯಾರೂ ಧರ್ಮಿಷ್ಠನೆನ್ನುವುದಿಲ್ಲ. ವ್ರತವೆಂಬುದು ಸ್ವೇಚ್ಛೆಯಿಂದ ಕೈಗೊಂಡ ವಿರತಿ. ಆಡಬಲ್ಲವನು ಆಡದಿರುವುದೇ ವಾಗ್ಗುಪ್ತಿ; ಆಡಲಾರದವನ ಮೌನಕ್ಕೆ ಆ ಹೆಸರು ಸಲ್ಲದು. ಆದುದರಿಂದ ಮಾತಿನ ಸ್ವಾತಂತ್ರ್ಯವು ಮಾತಿನ ಸಂಯಮಕ್ಕೆ ವೈರಿಯಲ್ಲ. ಅದು ಸಂಯಮ ಬೆಳೆಯುವ ನೆಲ.

ಸತ್ಯಾಣುವ್ರತಕ್ಕೆ ಶಾಸ್ತ್ರವು ಹೇಳುವ ಐದು ಅತಿಚಾರಗಳನ್ನು ಪರಿಶೀಲಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಮಿಥ್ಯೋಪದೇಶ, ಅಂದರೆ ತಪ್ಪುದಾರಿಗೆ ಎಳೆಯುವ ಉಪದೇಶ. ರಹೋಭ್ಯಾಖ್ಯಾನ, ಅಂದರೆ ಪರರ ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು. ಕೂಟಲೇಖಕ್ರಿಯೆ, ಅಂದರೆ ಸುಳ್ಳು ಪತ್ರ ಸೃಷ್ಟಿಸುವುದು. ನ್ಯಾಸಾಪಹಾರ, ಅಂದರೆ ನಂಬಿ ಇಟ್ಟ ಒಡವೆಯನ್ನು ಮಾತಿನಿಂದ ಲಪಟಾಯಿಸುವುದು. ಸಾಕಾರಮಂತ್ರಭೇದ, ಅಂದರೆ ಮುಖಚರ್ಯೆಯಿಂದ ಪರರ ಗುಟ್ಟನ್ನು ಅರಿತು ಹೊರಗೆಡಹುವುದು. ಈ ಐದರಲ್ಲಿಯೂ ಮಾತಿನಿಂದ ಕೇಡಿಗೆ ಒಳಗಾಗುವ ಒಬ್ಬ ಜೀವವಿದೆ: ದಾರಿ ತಪ್ಪಿದವನು, ಮಾನ ಹೋದವನು, ಆಸ್ತಿ ಕಳೆದುಕೊಂಡವನು. ಆಳುವವನಿಗೆ ಒಪ್ಪಿಗೆಯಾಗದ ಅಭಿಪ್ರಾಯವನ್ನು ಹೇಳುವುದು ಈ ಪಟ್ಟಿಯಲ್ಲಿಲ್ಲ. ಬಹುಜನರ ನಂಬಿಕೆಯನ್ನು ಪ್ರಶ್ನಿಸುವುದೂ ಇಲ್ಲ. ಇದ್ದಿದ್ದರೆ ಯಜ್ಞಹಿಂಸೆಯನ್ನು ಪ್ರಶ್ನಿಸಿದ ಶ್ರಮಣ ಪರಂಪರೆಯೇ ಅತಿಚಾರಕ್ಕೆ ಗುರಿಯಾಗಬೇಕಿತ್ತು.

ಮಿಥ್ಯೋಪದೇಶವೆಂಬ ಮಾತನ್ನು ಹಿಡಿದು, ಸುಳ್ಳು ವಿಚಾರವನ್ನು ಸರಕಾರ ತಡೆಯಲೇಬೇಕಲ್ಲವೇ ಎಂದು ಕೇಳಬಹುದು. ಯಾವುದು ಸುಳ್ಳೆಂದು ನಿಶ್ಚಯಿಸುವವರು ಯಾರು ಎಂಬುದೇ ಅಲ್ಲಿಯ ತೊಡಕು. ವಸ್ತುವಿನ ಅನಂತ ಧರ್ಮಗಳನ್ನು ಒಮ್ಮೆಗೇ ಕಾಣಬಲ್ಲವನು ಕೇವಲಜ್ಞಾನಿ ಮಾತ್ರ. ಉಳಿದವರದೆಲ್ಲ ನಯ, ಒಂದು ಕಡೆಯಿಂದ ಕಂಡ ಒಂದು ನೋಟ. ಬೇರೆ ನಯಗಳನ್ನು ತಳ್ಳಿಹಾಕಿ ತಾನೊಂದೇ ಸತ್ಯವೆನ್ನುವ ನಯವು ಮಿಥ್ಯೆಯಾಗುತ್ತದೆಂದು ಸಮಂತಭದ್ರರಂತಹ ಆಚಾರ್ಯರು ತಿಳಿಸಿದ್ದಾರೆ. ಯಾವ ಮಂತ್ರಿಯೂ, ಯಾವ ಜಿಲ್ಲಾಧಿಕಾರಿಯೂ, ಯಾವ ಬಹುಮತದ ಸಭೆಯೂ ಕೇವಲಜ್ಞಾನವನ್ನು ಪಡೆದುದಲ್ಲ. ಭಿನ್ನಾಭಿಪ್ರಾಯವನ್ನು ಬಾಯಿಮುಚ್ಚಿಸುವ ಸರಕಾರವು ತನಗಿಲ್ಲದ ಸರ್ವಜ್ಞತ್ವವನ್ನು ಆರೋಪಿಸಿಕೊಳ್ಳುತ್ತದೆ.

ಮಾತೇ ಹಿಂಸೆಯಾದಾಗ

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ; ಅದನ್ನು ಮರೆಮಾಚಬಾರದು. ಮಾತು ಹಿಂಸೆಯಾಗಬಲ್ಲದು. ಪರರಿಗೆ ಪೀಡೆಯನ್ನುಂಟುಮಾಡುವ ನಿಜವನ್ನೂ ಅಸತ್ಯದ ಸಾಲಿಗೆ ಸೇರಿಸುವಷ್ಟು ಜೈನ ನೀತಿಯು ಸೂಕ್ಷ್ಮವಾಗಿದೆ. ಹಾಗಾದರೆ ಎಲ್ಲ ಮಾತಿಗೂ ಕಡಿವಾಣವಿಲ್ಲದ ಸ್ವಾತಂತ್ರ್ಯ ಹೇಗೆ ಸಾಧು?

ಹೈದರಾಬಾದಿನ ಕೊನೆಯ ದಿನಗಳು ಇದಕ್ಕೆ ಉತ್ತರವನ್ನು ಕಲಿಸುತ್ತವೆ. 1947–48ರಲ್ಲಿ ರಜಾಕಾರರ ನಾಯಕ ಕಾಸಿಂ ರಜ್ವಿಯ ಉದ್ರೇಕಕಾರಿ ಭಾಷಣಗಳು ಎಗ್ಗಿಲ್ಲದೆ ನಡೆದವು. ಆ ಮಾತುಗಳ ಬೆನ್ನಿಗೆ ಶಸ್ತ್ರಗಳಿದ್ದವು. ಮಾತು ಮುಗಿದೆಡೆ ಬೆಂಕಿ ಹತ್ತುತ್ತಿತ್ತು. ತುಂಗಭದ್ರೆಯಾಚೆಯ ನೆಲದಲ್ಲಿ ಜನ ಆಶ್ರಯ ಹುಡುಕಿದರು. ಮುಂಡರಗಿಯಂತಹ ಗಡಿ ಊರುಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳಂಥವರು ಶಿಬಿರಗಳನ್ನು ನಡೆಸಿದರು. ಅದೇ ಹೊತ್ತಿನಲ್ಲಿ ಹೈದರಾಬಾದಿನಲ್ಲಿ ಶೋಯೆಬುಲ್ಲಾ ಖಾನ್ ಎಂಬ, ಇನ್ನೂ ಮೂವತ್ತು ತುಂಬದ ಉರ್ದು ಪತ್ರಕರ್ತನು 'ಇಮ್ರೋಜ್' ಪತ್ರಿಕೆಯಲ್ಲಿ ರಜಾಕಾರರ ಕ್ರೌರ್ಯವನ್ನು ಖಂಡಿಸುತ್ತಿದ್ದನು. ಸಂಸ್ಥಾನವು ಭಾರತದೊಡನೆ ಸೇರಬೇಕೆಂದು ಬರೆಯುತ್ತಿದ್ದನು. 1948ರ ಆಗಸ್ಟಿನ ಒಂದು ರಾತ್ರಿ ಮನೆಗೆ ಮರಳುತ್ತಿದ್ದ ಅವನನ್ನು ಕೊಲೆಗಡುಕರು ಕೊಂದರು. ಬರೆದ ಕೈಯನ್ನೇ ಕಡಿದರು. ತನ್ನ ಸಮುದಾಯದ ಪ್ರಬಲ ಧ್ವನಿಗೆ ಎದುರಾಗಿ ಸತ್ಯ ನುಡಿದ ಆ ಯುವಕನು ಸತ್ಯವ್ರತಕ್ಕೆ ಪ್ರಾಣವನ್ನೇ ತೆತ್ತನು.

ಆ ಸರಕಾರದ ನೀತಿಯಲ್ಲಿದ್ದ ವೈಪರೀತ್ಯವನ್ನು ಗಮನಿಸಬೇಕು. ರೈತರ ಸಭೆಯನ್ನು, ವಿದ್ಯಾರ್ಥಿಗಳ ಹಾಡನ್ನು, ಪತ್ರಿಕೆಯ ವಿಮರ್ಶೆಯನ್ನು ತಡೆಯಲು ಅದಕ್ಕೆ ಶಕ್ತಿಯಿತ್ತು. ಜೀವಹಿಂಸೆಗೆ ಕರೆಕೊಟ್ಟ ಮಾತನ್ನು ತಡೆಯುವ ಮನಸ್ಸು ಇರಲಿಲ್ಲ. ನಿರ್ಬಂಧದ ಅಧಿಕಾರವನ್ನು ಧಾರಾಳವಾಗಿ ಕೊಟ್ಟಾಗ ಅದು ದುರ್ಬಲರನ್ನು ಕಾಯುತ್ತದೆಂಬ ಭರವಸೆಯಿಲ್ಲ. ಬಹುವೇಳೆ ಅದು ಅಧಿಕಾರಕ್ಕೆ ಹತ್ತಿರವಿದ್ದವರನ್ನೇ ಕಾಯುತ್ತದೆ. ಆದುದರಿಂದ ಕಾನೂನಿನ ಕೈ ಎಲ್ಲಿ ಮುಂದೆ ಬರಬೇಕೆಂಬುದಕ್ಕೆ ಅಹಿಂಸೆಯೇ ಗೆರೆ ಎಳೆಯಬೇಕು. ಒಂದು ಜೀವಕ್ಕೆ, ಮಾನಕ್ಕೆ, ಆಸ್ತಿಗೆ ಕಣ್ಣೆದುರಿನ ಕೇಡನ್ನು ತರುವ ಮಾತನ್ನು ಕಾನೂನು ತಡೆಯಲಿ. ತಡೆದುದಕ್ಕೆ ಕಾರಣ ಹೇಳಲಿ. ಆ ಕಾರಣವನ್ನು ನ್ಯಾಯಾಲಯ ಪರೀಕ್ಷಿಸಲಿ. ಕೇವಲ ಅಪ್ರಿಯವಾದ ಮಾತಿಗೆ ಉತ್ತರ ಮಾತಿನಿಂದಲೇ ದೊರೆಯಲಿ.

ಗೆದ್ದವರೂ ಈ ಪರೀಕ್ಷೆಯಿಂದ ಹೊರತಲ್ಲ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ವಿಮೋಚನೆಯಾಯಿತು. ಆ ಬಳಿಕ ಬೀದರ, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಘೋರ ಹಿಂಸೆ ನಡೆಯಿತು. ಅದನ್ನು ಅರಿಯಲು ಭಾರತ ಸರಕಾರವು ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಸಮಿತಿಯನ್ನು ಕಳುಹಿಸಿತು. ಸಮಿತಿ ವರದಿ ಕೊಟ್ಟಿತು. ಸರಕಾರ ಅದನ್ನು ಪ್ರಕಟಿಸಲಿಲ್ಲ. 2013ರ ಹೊತ್ತಿಗೆ ಅದು ದೆಹಲಿಯ ನೆಹರೂ ಗ್ರಂಥಾಲಯದಲ್ಲಿ ಓದುಗರಿಗೆ ಸಿಕ್ಕಿತೆಂದು ಸುದ್ದಿಯಾಯಿತು. ಆ ಅರವತ್ತೈದು ವರ್ಷಗಳಲ್ಲಿ ಕಂಡವರೂ ನೊಂದವರೂ ಬಹುಮಟ್ಟಿಗೆ ಗತಿಸಿದ್ದರು. ಒಂದು ಮನೆಯ ನೋವನ್ನು ಹೇಳಿ ಇನ್ನೊಂದು ಮನೆಯ ನೋವನ್ನು ಅಡಗಿಸಿದರೆ ಅದು ಅರ್ಧಸತ್ಯ. ರಜಾಕಾರರ ಕ್ರೌರ್ಯವೂ ನಿಜ, ಆನಂತರದ ಕ್ರೌರ್ಯವೂ ನಿಜ. ಎರಡನ್ನೂ ಹೇಳಬಲ್ಲ ನಾಲಗೆಗೇ ಸ್ಯಾದ್ವಾದದ ಹೆಸರು ಹೇಳುವ ಅರ್ಹತೆಯುಂಟು.

ಸ್ವತಂತ್ರ ಭಾರತದ ನಾಲಗೆ

ಸಂವಿಧಾನದ 19ನೆಯ ಅನುಚ್ಛೇದವು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಅದರ ಮೇಲೆ ಯುಕ್ತವಾದ ನಿರ್ಬಂಧಗಳಿಗೂ ಎಡೆಮಾಡಿದೆ. ಆ ಸಮತೋಲ 1975ರ ಜೂನ್ ತಿಂಗಳಲ್ಲಿ ಕುಸಿಯಿತು. ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳು ಅಚ್ಚಿಗೆ ಮೊದಲೇ ಸರಕಾರದ ಕಣ್ಣಿಗೆ ಬೀಳಬೇಕಾಯಿತು. 'ಸಂಸ್ಕಾರ' ಚಲನಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ಬಳಲಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. 1976ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರಲ್ಲಿ ನಾಲ್ವರು, ಬಂಧಿತನಿಗೆ ಆ ಕಾಲದಲ್ಲಿ ನ್ಯಾಯಾಲಯದ ಬಾಗಿಲಿಲ್ಲವೆಂದರು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮುಖ್ಯ ನ್ಯಾಯಮೂರ್ತಿ ಪದವಿ ಅವರ ಕೈತಪ್ಪಿತು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಳೆಯ ತೀರ್ಪನ್ನು ತಳ್ಳಿಹಾಕಿತು. 1976ರ ಬಹುಮತದಲ್ಲಿ ತಂದೆ ವೈ. ವಿ. ಚಂದ್ರಚೂಡರಿದ್ದರು, ಅದು ತಪ್ಪೆಂದು 2017ರಲ್ಲಿ ಬರೆದವರು ಮಗ ಡಿ. ವೈ. ಚಂದ್ರಚೂಡರು. ಒಂಟಿಯಾದ ಒಂದು ನಯವನ್ನು ಉಳಿಯಗೊಟ್ಟುದರಿಂದಲೇ ನಲವತ್ತೊಂದು ವರ್ಷಗಳ ತರುವಾಯ ನ್ಯಾಯಕ್ಕೆ ಹಿಂದಿರುಗುವ ದಾರಿ ಉಳಿಯಿತು.

ಸ್ವಗೃಹದ ಪರೀಕ್ಷೆ

ಪರರ ಸರಕಾರವನ್ನು ವಿಮರ್ಶಿಸುವುದು ಸುಲಭ. ನಿಜವಾದ ಪರೀಕ್ಷೆ ತನ್ನ ಮನೆಗೆ ಬಂದಾಗ. ಅಲ್ಪಸಂಖ್ಯಾತವಾದ ಜೈನ ಸಮಾಜಕ್ಕೆ ಅಭಿವ್ಯಕ್ತಿಯ ಸ್ವಾತಂತ್ರ್ಯವು ಅಲಂಕಾರವಲ್ಲ, ಆಸರೆ. 1368ರಲ್ಲಿ ತುಂಗಭದ್ರಾ ತೀರದ ಆನೆಗೊಂದಿ ಮೊದಲಾದ ಊರುಗಳ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನ ಬಳಿಗೆ ಒಯ್ದರು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನ ದರ್ಶನಕ್ಕೂ ಉಂಟೆಂದು ರಾಜನು ತೀರ್ಪಿತ್ತು, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಶ್ರವಣಬೆಳಗೊಳದ ಶಾಸನ ಅದನ್ನು ಸಾರುತ್ತಿದೆ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದಾಗ ದೇಶದ ಅನೇಕ ಊರುಗಳಲ್ಲಿ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆ ದಿನ 'ಗಶ್ತಿ ನಿಶಾನ್ 53' ಜಾರಿಯಲ್ಲಿದ್ದಿದ್ದರೆ ಆ ಮೌನಕ್ಕೂ ಅನುಮತಿ ಬೇಡಬೇಕಾಗಿತ್ತು. ತನ್ನ ಕಷ್ಟಕಾಲದಲ್ಲಿ ಈ ಸ್ವಾತಂತ್ರ್ಯದ ನೆರಳಿಗೆ ನಿಂತ ಸಮಾಜವು ಪರರ ಕಷ್ಟಕಾಲದಲ್ಲಿ ಆ ಮರವನ್ನು ಕಡಿಯಬೇಕೆನ್ನುವುದು ಹೇಗೆ?

ಧಾರ್ಮಿಕ ಭಾವನೆಗಳಿಗೆ ಉದ್ದೇಶಪೂರ್ವಕವಾಗಿ ಘಾಸಿ ಮಾಡುವುದನ್ನು ಅಪರಾಧವಾಗಿಸಿದ ಕಲಮನ್ನು ಬ್ರಿಟಿಷ್ ಸರಕಾರ 1927ರಲ್ಲಿ ತಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು 299ನೆಯ ಕಲಮಾಗಿ ಉಳಿದಿದೆ. ಬ್ರಿಟನ್ ತನ್ನ ಇಂಗ್ಲೆಂಡ್, ವೇಲ್ಸ್ ಪ್ರಾಂತಗಳಲ್ಲಿ ದೇವನಿಂದೆಯ ಅಪರಾಧವನ್ನು 2008ರಲ್ಲಿ ರದ್ದುಪಡಿಸಿತು. ಕಾನೂನು ಇರಲಿ ಬಿಡಲಿ, ಶ್ರಾವಕನು ಮೊದಲು ಹಿಡಿಯಬೇಕಾದ ದಾರಿ ಅದಲ್ಲ. ಧರ್ಮವನ್ನು ಟೀಕಿಸಿದ ಬರಹ ಬಂದರೆ ಟ್ರಸ್ಟಿನವರು ಮೊದಲು ಅದನ್ನು ಇಡಿಯಾಗಿ ಓದಲಿ. ಅದರಲ್ಲಿ ತಿದ್ದಿಕೊಳ್ಳಬೇಕಾದ ನಿಜವಿದ್ದರೆ ಒಪ್ಪಲಿ. ಅಜ್ಞಾನವಿದ್ದರೆ ಬಲ್ಲವರಿಂದ ಉತ್ತರ ಬರೆಸಲಿ. ಬರೆದವರನ್ನು ಬಸದಿಗೆ ಕರೆದು ಮುನಿಗಳ ಚರ್ಯೆಯನ್ನು ತೋರಿಸಲಿ. ಜೀವಕ್ಕೋ ಬಸದಿಗೋ ಅಪಾಯದ ಕರೆಯಿದ್ದರೆ ಮಾತ್ರ ಠಾಣೆಯ ಮೆಟ್ಟಿಲೇರಲಿ. ವಾದಸಭೆಗಳಲ್ಲಿ ಬೌದ್ಧ, ಮೀಮಾಂಸಕ, ಸಾಂಖ್ಯರೆಲ್ಲರಿಗೂ ಉತ್ತರವಿತ್ತ ಅಕಲಂಕದೇವರ ಪರಂಪರೆಗೆ ಒಂದು ಪುಸ್ತಕದ ಭಯ ಶೋಭಿಸದು.

ಇದಕ್ಕಿಂತಲೂ ಹತ್ತಿರದ ಪರೀಕ್ಷೆ ಇನ್ನೊಂದಿದೆ. ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದ ಸಾಮಾನ್ಯ ಸದಸ್ಯನಿಗೆ ಏನು ಉತ್ತರ ಸಿಗುತ್ತದೆ? ಪೂಜೆಯ ಆಡಂಬರದ ವೆಚ್ಚವನ್ನು ವಿದ್ಯಾರ್ಥಿನಿಲಯಕ್ಕೆ ಕೊಡಬಾರದೇ ಎಂದ ಶ್ರಾವಿಕೆಯ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆಯೇ? ಹಿರಿಯರೆದುರು ಮಾತಾಡಬಾರದೆಂದು ಸುಮ್ಮನಾಗಿಸಿದ ಮಗನ ಪ್ರಶ್ನೆ ಎಲ್ಲಿಗೆ ಹೋಗುತ್ತದೆ? ನಿಜಾಮರ ಸುತ್ತೋಲೆಗೆ ಸಂಖ್ಯೆಯಾದರೂ ಇತ್ತು. ಸಭೆ, ಮನೆಗಳಲ್ಲಿ ಹೊರಡುವ ಸುತ್ತೋಲೆಗಳಿಗೆ ಸಂಖ್ಯೆಯೂ ಇರುವುದಿಲ್ಲ. ಅಂಥ ಕಡೆ ಅನೇಕಾಂತವನ್ನು ಪ್ರವಚನದಲ್ಲಿ ಕೇಳಿದ್ದು ವ್ಯರ್ಥ.

ಹಾಗಾದರೆ ನಿಂದೆ, ಚಾಡಿ, ಕಟುನುಡಿಗಳಿಗೆ ಮದ್ದೇನು? ಅದು ಮೊದಲಿನಿಂದ ಇದ್ದುದೇ: ಪ್ರತಿಕ್ರಮಣ. ಸಂಜೆಯ ಹೊತ್ತು ಆ ದಿನ ಆಡಿದ ಮಾತುಗಳನ್ನು ನೆನೆದು, ನೋಯಿಸಿದವರಲ್ಲಿ ಕ್ಷಮೆ ಬೇಡುವುದು. ಈ ಸಾಧನೆಯನ್ನು ಪ್ರತಿಯೊಬ್ಬನೂ ತನ್ನ ನಾಲಗೆಯ ಮೇಲೆ ಮಾತ್ರ ಮಾಡಬಲ್ಲ. ಪರರ ನಾಲಗೆಯ ಮೇಲೆ ಮಾಡಲಾರ. ಪರರ ಮಾತನ್ನು ತಡೆಯುವುದರಿಂದ ತನ್ನ ಕರ್ಮವೊಂದೂ ನಿರ್ಜರೆಯಾಗದು. ತನ್ನ ಮಾತಿಗೆ ವ್ರತದ ಬೇಲಿ, ಪರರ ಮಾತಿಗೆ ಸಹನೆಯ ಬಯಲು: ಈ ಎರಡನ್ನೂ ಒಟ್ಟಿಗೆ ಕಾಪಾಡುವ ಶ್ರಾವಕನಲ್ಲಿ ವಾಗ್ಗುಪ್ತಿಯೂ ವಾಕ್‌ಸ್ವಾತಂತ್ರ್ಯವೂ ಒಂದೇ ಧರ್ಮದ ಎರಡು ಕೈಗಳಾಗುತ್ತವೆ.